ನೀರಿಗೆ ಬಿದ್ದ ಪಿನ್ನು

ಆ ಯಂತ್ರ ನಮ್ಮೂರಿಗೆ ಬಂದಾಗ ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಮಹಾರಾಜರ ಕಾಲ. ಮಿಡಿಗೇಶಿಯಿಂದ ಈಚೆಗಿರುವ ನಮ್ಮೂರ ಕೆರೆಯ ಏರಿ ಹಿಂದಿನ ಮಳೆಗಾಲದಲ್ಲಿ ಕುಸಿದಿತ್ತು. ಅದಕ್ಕೆ ಮಣ್ಣು ತುಂಬಿಸಲು ಕಂಟ್ರಾಕ್ಟರು ಪಟಾಲಮ್ಮಿನವರು, ಅಂದರೆ ಮಿಲಿಟರಿಯವರು, ಮಾರಿದ ಹಳೇ ಚೈನ್ ಟ್ರ್ಯಾಕ್ಟರು ತರಿಸಿದ್ದ. ಚಕ್ರ ಇರಬೇಕಾದ ಕಡೆ ಎರಡೂ ಬದಿಗೆ ಕಬ್ಬಿಣದ ಚೈನು, ಅದರ ಮೇಲೆ ತೆವಳುತ್ತಿತ್ತು. ಊರಿನವರು ಕಬ್ಬಿಣದ ಎಮ್ಮೆ ಅಂದರು. ಎಮ್ಮೆಯಾದರೆ ಸಗಣಿಯಾದರೂ ಹಾಕುತ್ತದೆ, ಇದು ಹೊಗೆ ಬಿಟ್ಟು ನಾನು ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಕಪ್ಪು ಮಾಡಿತು.

ಹತ್ತು ದಿನ ಮಣ್ಣು ತಳ್ಳುವಷ್ಟರಲ್ಲಿ ಎಡಗಡೆಯ ಚೈನು ಎರಡು ಸಲ ಕಳಚಿಕೊಂಡಿತು. ಓಡಿಸುತ್ತಿದ್ದವರು ಶಿರಾದ ಸಾಹೇಬರು, ಪಟಾಲಮ್ಮಿನಲ್ಲಿ ಇಂಥದೇ ಯಂತ್ರ ಓಡಿಸಿ ಬಂದವರು. ಬೀಡಿ ಹಚ್ಚಿಕೊಳ್ಳಲು ನಮ್ಮ ಕುಲುಮೆಗೆ ಬರುತ್ತಿದ್ದರು. ಅವತ್ತು ಬಂದವರು ಕೆಂಡ ಕೇಳುವುದು ಬಿಟ್ಟು ನಮ್ಮ ಯಜಮಾನರ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಭಾಯಿ, ಕೊಂಡಿ ಪಿನ್ನೆಲ್ಲಾ ಸವೆದೋಗಿದೆ. ಸಮ ನೆಲದಾಗೆ ಕಳಚಿದ್ರೆ ನಾನು ಬೈತೀನಿ, ಮತ್ತೆ ಏರಿಸ್ತೀನಿ. ಏರಿ ಇಳಿಜಾರ್ನಾಗೆ ಕಳಚಿದ್ರೆ ಗಾಡಿ ಮಗ್ಗುಲಾಗ್ತದೆ. ನಾನು ಅಡೀಗೆ. ಯುದ್ಧದಾಗೆ ಒಬ್ಬನ್ನ ಅಂಗೇ ತೆಗ್ದಿದೀವಿ, ಮೊಳಕಾಲಿಂದ ಕೆಳಗೆ ಮಾತ್ರ ಸಿಕ್ತು."

"ಹೊಸಾವು ತರ್ಸಕ್ಕಾಗಲ್ವಾ?"

"ಬೊಂಬಾಯಿಂದ ಬರೋದ್ರೊಳಗೆ ಮಳೆ ಬರ್ತದೆ."

ಯಜಮಾನರು ಹೋಗಿ ಚೈನು ನೋಡಿದರು. ಅವರು ಕಂಡಿದ್ದು ನೇಗಿಲು, ಕುಡುಗೋಲು, ಗಾಡಿಯ ಚಕ್ರ. ಆದರೆ ಕಬ್ಬಿಣ ಎಲ್ಲಿ ಹೋದರೂ ಕಬ್ಬಿಣವೇ ಎಂದು ಅವರ ನಂಬಿಕೆ. ಚೈನು ಬಿಚ್ಚಿ ನಮ್ಮ ಮುಂದಿನ ಹುಣಿಸೆಮರದ ಕೆಳಗೆ ಹಾಸಿದಾಗ ದೊಡ್ಡ ಕೇರೆಹಾವು ಬಿಸಿಲಿಗೆ ಮಲಗಿದ ಹಾಗೆ ಕಾಣುತ್ತಿತ್ತು. ಮೂವತ್ತು ಚಿಲ್ಲರೆ ಕೊಂಡಿ, ಕೊಂಡಿ ಕೊಂಡಿಗೂ ಹೆಬ್ಬೆರಳು ದಪ್ಪದ ಪಿನ್ನು. ಎಲ್ಲವೂ ಒಂದೇ ಮಗ್ಗುಲಿಗೆ ಸವೆದಿದ್ದವು. ಸವೆದ ಮಗ್ಗುಲು ಆಚೆಗೆ ಬರುವಂತೆ ತಿರುಗಿಸಿ ಕೂರಿಸಿದರೆ ಇನ್ನೊಂದು ಮಳೆಗಾಲ ನಡೆಯುತ್ತದೆ ಎಂದರು. ಎಂಟು ಮಾತ್ರ ತಿರುಗಿಸಿದರೂ ಉಳಿಯದ ಹಾಗಿದ್ದವು. ಅವನ್ನು ಮುರಿದ ಲಾರಿಯ ಅಚ್ಚಿನಿಂದ ಹೊಸದಾಗಿ ಬಡಿಯಬೇಕಿತ್ತು.

"ನಾನ್ ಮಾಡ್ಕೊಡ್ತೀನಿ" ಎಂದು ಕಂಟ್ರಾಕ್ಟರ ಮುಂದೆ, ಊರಿನವರ ಮುಂದೆ ಹೇಳಿಬಿಟ್ಟರು.

ನಮ್ಮ ಕುಲುಮೆಯಲ್ಲಿ ಒಲೆಗೆ ಗಾಳಿ ಊದುವ ತಿದಿ ಒತ್ತುವುದು ನನ್ನ ಕೆಲಸ. ಬೇಕಾದಾಗ ಸುತ್ತಿಗೆಯನ್ನೂ ಎತ್ತುತ್ತಿದ್ದೆ. ಆದರೆ ಕಾದ ಕಬ್ಬಿಣವನ್ನು ನೀರಿಗೋ ಎಣ್ಣೆಗೋ ಅದ್ದಿ ಹದ ಕೊಡುವುದನ್ನು ಹೆಂಗಸು ಮುಟ್ಟುವಂತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮೊದಲ ಪಿನ್ನು ಒಲೆಗೆ ಇಟ್ಟಾಗಲೇ ಯಜಮಾನರು ಎಚ್ಚರಿಸಿದ್ದರು.

"ಲೇ, ಕುಡ್ಲಿಗಾದ್ರೆ ನೀರು. ಇದುಕ್ಕೆ ಹೊಂಗೆ ಎಣ್ಣೆ. ನೀರು ಸೋಕಿದ್ರೆ ಬಿರುಕು ಬುಡ್ತದೆ, ಗೊತ್ತಾಯ್ತಾ?"

"ನಂಗ್ಯಾಕೇಳ್ತೀರಾ? ತಿದಿ ಒತ್ತೋಳು ನಾನು, ಹದ ಹಾಕೋರು ನೀವು."

ಆರನೆಯದೋ ಏಳನೆಯದೋ ಪಿನ್ನು ಬಡಿದು ಮುಗಿದು, ಹದಕ್ಕೆಂದು ಮತ್ತೆ ಕಾಯುತ್ತಿತ್ತು. ಅಷ್ಟರಲ್ಲಿ ಸಾಹೇಬರು ಮರದಡಿಯಿಂದ ಕೂಗಿದರು, ಒಂದು ಕೊಂಡಿಯ ಪಿನ್ನು ಕೂರುವ ಕಣ್ಣು ಅಗಲವಾಗಿದೆ ಬಂದು ನೋಡು ಎಂದು. ಯಜಮಾನರು ಎದ್ದು ಹೋದರು. ಕಬ್ಬಿಣ ಕೆಂಪು ದಾಟಿ ಹಳದಿಗೆ ತಿರುಗಿತು. ನಾನು ತಿದಿ ನಿಲ್ಲಿಸಿದೆ. ಒಲೆಯಲ್ಲೇ ಬಿಟ್ಟರೆ ಸುಟ್ಟುಹೋಗುತ್ತದೆ, ಹೊರಗಿಟ್ಟರೆ ಆರಿಹೋಗುತ್ತದೆ, ಮತ್ತೆ ಅರ್ಧ ಚೀಲ ಇದ್ದಿಲು ದಂಡ. ಇಕ್ಕಳದಲ್ಲಿ ಎತ್ತಿದೆ. ಕೈಗೆ ಯೋಚನೆ ಇರುವುದಿಲ್ಲ. ಮದುವೆಯಾದಾಗಿನಿಂದ ಕುಡುಗೋಲುಗಳು ಕಲ್ಲುಬಾನಿಗೆ ಹೋಗುವುದನ್ನೇ ನೋಡಿದ್ದೆ, ಪಿನ್ನೂ ಕಲ್ಲುಬಾನಿಯ ನೀರಿಗೆ ಹೋಯಿತು. ಚೊಯ್ ಎಂದಿತು. ಅದರ ಹಿಂದೆಯೇ ಟಿಕ್ ಎಂದು ಇನ್ನೊಂದು ಸಣ್ಣ ಸದ್ದು.

ಎತ್ತಿ ನೋಡಿದೆ. ಮೈಮೇಲೆ ಏನೂ ಕಾಣಲಿಲ್ಲ. ಸೆರಗಿನಲ್ಲಿ ಒರೆಸಿ ಎಣ್ಣೆಯಲ್ಲಿ ಅದ್ದಿ ಬೇರೆಯವುಗಳ ಜೊತೆ ಇಟ್ಟೆ. ಯಜಮಾನರು ವಾಪಸು ಬಂದು ಕೇಳಿದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ, ತಾವೇ ಹದ ಹಾಕಿ ಹೋಗಿದ್ದೇವೆ ಎಂದುಕೊಂಡರೋ ಏನೋ. ನಾನೂ ಬಾಯಿ ಬಿಡಲಿಲ್ಲ. ಇದನ್ನು ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಹೆದರಿದೆ, ಅಷ್ಟೇ.

ಆಮೇಲೆ ಎರಡು ದಿನ ಪಿನ್ನು ಕೂರಿಸಿದರು. ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವ ಹಾಗೆಯೇ. ಕೊಂಡಿಯ ಕಣ್ಣನ್ನು ಕಾಯಿಸಿ ಹಿಗ್ಗಿಸುವುದು, ಪಿನ್ನನ್ನು ಇಳಿಸಿ ಏಟು ಹಾಕುವುದು, ಆರಿದಂತೆ ಕಬ್ಬಿಣವೇ ಕಬ್ಬಿಣವನ್ನು ಕಚ್ಚಿಕೊಳ್ಳುವುದು. ಎಂಟೂ ಕಚ್ಚಿಕೊಂಡವು. ನನ್ನದು ಯಾವುದು ಎಂದು ನನಗೇ ಗೊತ್ತಾಗದ ಹಾಗಾಯಿತು.

ನಮ್ಮತ್ತೆ ಪಾವಗಡದ ಕಡೆಯವರು. ಜಗಲಿಯಲ್ಲಿ ಕೂತು ಅವತ್ತು ಎಲ್ಲ ನೋಡಿದ್ದರು. ಚೈನು ಏರಿಸುವ ದಿನ ಬೆಳಗ್ಗೆ ನಾನು ರಾಗಿ ಬೀಸುತ್ತಿದ್ದಾಗ ಪಕ್ಕಕ್ಕೆ ಬಂದು ಕೂತರು.

"ಯಾಕಮ್ಮಾ, ಮೂರ್ ದಿನದಿಂದ ಹಿಟ್ಟು ನುಂಗ್ತಿಲ್ಲ?"

"ಹಸಿವಿಲ್ಲ ಅತ್ತೆ."

"ನಾ ನೋಡ್ದೆ ಕಣಮ್ಮ, ನೀರ್ಗಾಕಿದ್ನ. ಊರ್ಕೋ." ಅವರ ತೆಲುಗಿನಲ್ಲಿ ಸುಮ್ಮನಿರು ಎಂದು. "ಊರ್ಗೆಲ್ಲಾ ಮಾತ್ ಕೊಟ್ಟವ್ನೆ ನನ್ ಮಗ. ಹೆಂಡ್ತಿ ಹದ ಹಾಕುದ್ಲು ಅಂದ್ರೆ ನಾಳೆಯಿಂದ ಕುಡ್ಲು ತಟ್ಸಕ್ ಯಾವನ್ ಬತ್ತಾನೆ? ಎಂಟ್ರಲ್ ಒಂದು. ಏಂ ಕಾದು."

ಏನೂ ಆಗುವುದಿಲ್ಲವಂತೆ. ಆಗುವುದು ಅವರ ಮೈಮೇಲಲ್ಲವಲ್ಲ. ನಾನೂ ಅದನ್ನೇ ಹಿಡಿದುಕೊಂಡು ಬೀಸುತ್ತಲೇ ಇದ್ದೆ. ಎಂಟರಲ್ಲಿ ಒಂದು, ಎಂಟರಲ್ಲಿ ಒಂದು.

ಮಧ್ಯಾಹ್ನಕ್ಕೆ ಚೈನು ಏರಿತು. ಊರಿನವರು ಏರಿಯ ಮೇಲೆ ನಿಂತರು. ಸಾಹೇಬರು ನಮ್ಮ ಕುಲುಮೆಗೆ ಬಂದು ಬೀಡಿ ಹಚ್ಚಲು ಬಗ್ಗಿದರು. ನಾನು ಇಕ್ಕಳದಲ್ಲಿ ಕೆಂಡ ಎತ್ತಿ ಹಿಡಿದೆ. ಅದೇ ಇಕ್ಕಳ. ಕೆಂಡ ಜಾರಿ ಅವರ ಕಾಲ ಹತ್ತಿರ ಬಿತ್ತು.

"ಅರೆ ಬೆಹನ್, ಕಾಲು ಇರ್ಲಿ ಬಿಡು, ಇನ್ನೂ ಕೆಲ್ಸ ಇದೆ" ಎಂದು ನಗುತ್ತಾ ಹೋದರು.

ಮೊಳಕಾಲಿಂದ ಕೆಳಗೆ ಮಾತ್ರ ಸಿಕ್ಕಿತು ಎಂದಿದ್ದವರು ಅವರೇ.

ಎಂಜಿನ್ನು ಗುಡುಗಿತು. ನಾನು ತಿದಿ ಬಿಟ್ಟು ಓಡಿದೆ. ಅತ್ತೆ ಹಿಂದಿನಿಂದ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಯಂತ್ರ ಇಳಿಜಾರಿನ ಬಾಯಿಗೆ ಬಂದಿತ್ತು. ಅದರ ಮುಂದೆ ಹೋಗಿ ನಿಂತೆ. ಸೆರಗು ಎಲ್ಲಿತ್ತೋ.

"ಇಳೀರಿ ಸಾಹೇಬ್ರೇ, ಇಳೀರಿ ಅಂದ್ರೆ!"

ಎಂಜಿನ್ನು ನಿಂತಿತು. ಯಜಮಾನರು ಬಂದು ರಟ್ಟೆ ಹಿಡಿದರು.

"ಏನ್ಲೇ ಇದು? ಮೈಮೇಲ್ ಏನಾರ ಬಂತಾ?"

"ಒಂದು ಪಿನ್ನ ನಾನು ನೀರ್ಗಾಕ್ಬುಟ್ಟೆ. ನೀವು ಎದ್ದೋಗಿದ್ರಿ. ಯಾವ್ದು ಅಂತ ಗೊತ್ತಿಲ್ಲ."

ಯಾರೋ ಕಿಸಕ್ಕೆಂದ. "ಓಹೋ, ಆಚಾರ್ರು ಮನೇಲ್ ಹದ ಹಾಕೋರು ಬ್ಯಾರೆ ಅವ್ರೆ ಕಣ್ಲಾ!" ಯಜಮಾನರ ಮುಖ ಬೂದಿಯ ಬಣ್ಣಕ್ಕೆ ಬಂತು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಬೇಗ ಮುಗಿಯುತ್ತಿತ್ತು. ಅವರು ರಟ್ಟೆ ಬಿಟ್ಟು, ಚೈನಿನ ಮುಂದೆ ಕೂತು, ಒಂದೊಂದೇ ಪಿನ್ನಿನ ತಲೆಯನ್ನು ಸವರಿದರು.

"ಎಂಟೂ ಒಂದೇ ತರ ಅವೆ" ಎಂದರು ಕೊನೆಗೆ.

"ಎಂಟೂ ಬಿಚ್ಚಿ" ಎಂದೆ.

"ಬಿಚ್ಚಿ? ಕಣ್ಣಿಗ್ ಕಾಣದ್ ಬಿರುಕ ಹೆಂಗ್ ಹುಡುಕ್ತೀಯಾ?"

"ಸಂತೇಲಿ ಮಡಕೆ ತಗೊಳ್ವಾಗ ಹೆಂಗ್ ಹುಡುಕ್ತೀನಿ? ತಟ್ಟಿ."

ಸಾಹೇಬರು ಮೇಲಿನಿಂದ ಇಳಿದು ಬಂದರು. ಕಂಟ್ರಾಕ್ಟರು ಏನೋ ಅನ್ನಲು ಬಾಯಿ ತೆರೆದ. "ನೀವು ಕೂತ್ಕಂಡು ಓಡ್ಸೋದಾದ್ರೆ ಈಗ್ಲೇ ಹೋಗ್ಲಿ ಸ್ವಾಮಿ" ಎಂದರು ಸಾಹೇಬರು.

ಕಚ್ಚಿಕೊಂಡ ಕಬ್ಬಿಣ ಬಿಡುವುದು ಸುಲಭವಲ್ಲ. ಎಂಟು ಪಿನ್ನು ತೆಗೆಯಲು ಮತ್ತೆ ಎರಡು ದಿನ ಹಿಡಿಯಿತು. ಆ ಎರಡು ದಿನ ಯಜಮಾನರು ನನ್ನೊಂದಿಗೆ ಮಾತಾಡಿದ್ದು ಒಂದೇ, "ಒತ್ತು." ನಾನು ಒತ್ತಿದೆ. ಪಡುವಣಕ್ಕೆ ಮೋಡ ಕಟ್ಟುತ್ತಿತ್ತು.

ಎಂಟನ್ನೂ ಹುಣಿಸೆಮರದ ಕೊಂಬೆಗೆ ಸೆಣಬಿನ ಹುರಿಯಲ್ಲಿ ನೇತುಹಾಕಿದೆವು. ಯಜಮಾನರು ಸಣ್ಣ ಸುತ್ತಿಗೆಯಿಂದ ಒಂದೊಂದನ್ನೇ ತಟ್ಟಿದರು. ಮೊದಲನೆಯದು ಗುಡಿಯ ಗಂಟೆಯ ಹಾಗೆ ನುಡಿಯಿತು. ಎರಡನೆಯದೂ. ಮೂರನೆಯದು ಒಡಕು ಮಡಕೆಯ ಹಾಗೆ ಬೊದ್ ಎಂದಿತು. ಸಿಕ್ಕಿತಲ್ಲ ಎಂದು ಸಾಹೇಬರು ಎದ್ದರು.

ಯಜಮಾನರು ನಿಲ್ಲಿಸಲಿಲ್ಲ. ಉಳಿದವನ್ನೂ ತಟ್ಟಿದರು. ನಾಲ್ಕು, ಐದು, ಆರು ನುಡಿದವು. ಏಳನೆಯದು ಬೊದ್ ಎಂದಿತು.

ನಾನು ನೀರಿಗೆ ಹಾಕಿದ್ದು ಒಂದೇ.

ಎರಡನ್ನೂ ಕುಲುಮೆಯ ಅಡಿಗಲ್ಲಿನ ಮೇಲಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದರು. ಕಬ್ಬಿನ ತುಂಡಿನ ಹಾಗೆ ಎರಡಾದವು. ಒಂದರ ಒಳಗೆ ಉಪ್ಪಿನ ಹರಳಿನಂತೆ ಹೊಳೆಯುತ್ತಿತ್ತು, ನೀರಿನ ಹೊಸ ಬಿರುಕು, ಅದು ನನ್ನದು. ಇನ್ನೊಂದರಲ್ಲಿ ಬಿರುಕಿನ ಉದ್ದಕ್ಕೂ ಹಳೇ ತುಕ್ಕು ಕೂತಿತ್ತು. ಲಾರಿಯಲ್ಲಿದ್ದಾಗಲೇ ಒಡೆದಿದ್ದ ಅಚ್ಚು. ಯಜಮಾನರೇ ಆರಿಸಿ, ಅವರೇ ಬಡಿದು, ಅವರೇ ಹೊಂಗೆ ಎಣ್ಣೆಗೆ ಹಾಕಿದ್ದು. ಅದನ್ನು ಕೈಯಲ್ಲಿ ಹಿಡಿದು ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಜಗಲಿಯಿಂದ ಅತ್ತೆ ಎದ್ದು ಒಳಗೆ ಹೋದರು.

ಮಾರನೆಯ ದಿನ ಇನ್ನೆರಡು ಹೊಸದಾಗಿ ಬಡಿದರು. ನಾನು ತಿದಿಗೆ ಕೂರಲು ಹೋದಾಗ ಕಲ್ಲುಬಾನಿ ಬರಿದಾಗಿತ್ತು. ಯಾರ ಕೈ ತಪ್ಪಿದರೂ ಪಿನ್ನು ನೀರಿಗೆ ಬೀಳದಿರಲೆಂದು ಯಜಮಾನರು ನೀರನ್ನೆಲ್ಲ ಹೊರಗೆ ಮೊಗೆದಿದ್ದರು. ನಾನು ಕುಡಿಯಲು ಇಟ್ಟುಕೊಂಡಿದ್ದ ಚೊಂಬೂ ಇರಲಿಲ್ಲ.

"ಚೊಂಬೆಲ್ಲಿ?"

"ಬಾಯಾರಿದ್ರೆ ಹೇಳು. ನಾನೇ ತಂದ್ಕೊಡ್ತೀನಿ."

ಬಡಿದ ಎರಡನ್ನೂ ಹುರಿಯಲ್ಲಿ ಕಟ್ಟಿ, ತಟ್ಟಲು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ತಟ್ಟಿದೆ. ಎರಡೂ ನುಡಿದವು. ಎಂಟೂ ಮತ್ತೆ ಕೊಂಡಿಯಲ್ಲಿ ಕೂತ ದಿನವೇ ಸಾಹೇಬರು ಯಂತ್ರವನ್ನು ಇಳಿಜಾರಿಗೆ ಬಿಟ್ಟರು. ಅದು ಮಣ್ಣು ತಳ್ಳಿಕೊಂಡು ತಳದವರೆಗೂ ಹೋಗಿ, ತಿರುಗಿ, ಮೇಲಕ್ಕೆ ಹತ್ತಿ ಬರುವವರೆಗೂ ನಾನು ಯಜಮಾನರ ಪಕ್ಕದಲ್ಲಿ ನಿಂತಿದ್ದೆ. ಇಬ್ಬರೂ ಚೈನಿನ ಸದ್ದನ್ನೇ ಕೇಳುತ್ತಿದ್ದೆವು.