ಕುರಿದೊಡ್ಡಿಯ ನುಣುಪು ನೆಲ

ನಾಗನೂರಿನ ಕುರಿಗಾರ ಹೆಣ್ಣುಮಗಳೊಬ್ಬಳಿಗೆ ಸರ್ಕಾರಿ ಯೋಜನೆಯಲ್ಲಿ ಕುರಿದೊಡ್ಡಿ ಕಟ್ಟಿಸಿಕೊಟ್ಟರು. ನೆಲಕ್ಕೆ ನುಣುಪಾದ ಟೈಲ್ಸ್ ಹಾಕಿದ್ದರು! ಮೊದಲ ವಾರವೇ ಒಂದು ಕುರಿ ಜಾರಿ ಕಾಲು ಮುರಿದುಕೊಂಡಿತು. ಉಳಿದವು ಒಳಗೆ ಕಾಲಿಡಲಿಲ್ಲ. ನೆಲ ಬದಲಾಗದಿದ್ದರೆ ಮಳೆಗಾಲವಿಡೀ ಮರಿಗಳು ಹೊರಗೆ ನೆನೆಯಬೇಕಿತ್ತು.

ಯೋಜನೆಯ ಯಶಸ್ಸು ಅಳೆಯಲು ಮೂಡಲಗಿಯಿಂದ ಒಬ್ಬ ಅಧಿಕಾರಿ ಬಂದ, ಹೇಳಿದ ಹೊತ್ತಿಗಿಂತ ಎರಡು ತಾಸು ತಡವಾಗಿ. ಊರ ಸಮಿತಿಯ ಹಿರಿಯನೆಂದು ಅವನ ಫಾರ್ಮಿಗೆ ನಾನು ಸಹಿ ಹಾಕಬೇಕಿತ್ತು. ದೊಡ್ಡಿಯೊಳಗೆ ಒಂದು ಹೆಜ್ಜೆಯನ್ನೂ ಇಡದೆ ಅವನು ‘ವಿಫಲ’ ಎಂದು ಬರೆದ. ಕಾರಣ, ‘ಫಲಾನುಭವಿಯ ಅಸಹಕಾರ’.

“ಅಸಹಕಾರ ನಂದಲ್ರಿ ಸಾಹೇಬ್ರ, ಕುರೀದು,” ಎಂದಳು ಆಕೆ. “ನೀವ ಅದಕ್ಕ ತಿಳಿಸಿ ಹೇಳ್ರಿ.”

“ನೆಲ ಜಾರತೈತಿ ಅಂತ ಬರೀರಿ,” ಎಂದೆ ನಾನು.

“ಅಂಥಾ ಕಾರಣ ಫಾರ್ಮಿನ್ಯಾಗ ಇಲ್ರಿ ಅಜ್ಜಾರ. ಕಂಪ್ಯೂಟರ್ ತಗೊಳ್ಳೂದಿಲ್ಲ.”

“ಹಂಗಾದ್ರ ದೊಡ್ಡೀನೂ ಕಂಪ್ಯೂಟರಿಗೇ ಕಟ್ಟಿಸಿ ಕೊಡಬೇಕಿತ್ತು.”

ಅವನು ಬರೆದ ‘ಅಸಹಕಾರ’ವನ್ನು ಹೊಡೆದುಹಾಕಿ, ‘ಕಟ್ಟಿಸಿದವರು ಕುರಿಯ ಗೊರಸು ನೋಡಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅವನು ಮುಖ ಸಿಂಡರಿಸಿ ಜೀಪು ಹತ್ತಿದ.

ಆಕೆ ಯಾರ ಮಂಜೂರಾತಿಗೂ ಕಾಯಲಿಲ್ಲ. ಅಂದೇ ಗುದ್ದಲಿ ತಂದು ಟೈಲ್ಸ್ ಕಿತ್ತೆಸೆದು, ಮಣ್ಣು ಹಾಕಿ ಬಡಿದಳು. ಮಣ್ಣು ಒಣಗಿದ ದಿನ ಕುರಿಗಳು ಮರಿಗಳ ಸಮೇತ ತಾವಾಗಿಯೇ ಒಳಗೆ ಹೋದವು.