ಕಾಕಾನ ಖಾಕಿ ಸ್ವೆಟರಿಗೆ ಕೆಂಪು ಪಟ್ಟಿ

ಮಹಾಯುದ್ಧ ಮುಗಿದು ಎರಡು ಮೂರು ವರ್ಷಕ್ಕೆ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಫೌಜು ಬಿಟ್ಟು ನಮ್ಮೂರು ಯಳವಿಗೆ ಬಂದ. ಟ್ರಂಕಿನಲ್ಲಿ ತಂದದ್ದರಲ್ಲಿ ತೋಳಿಲ್ಲದ ಒಂದು ಖಾಕಿ ಸ್ವೆಟರ್ ಇತ್ತು. ಚಳಿಗಾಲ ಪೂರ್ತಿ ಅದೇ ಮೈಮೇಲೆ. ಡಫಳಾಪುರಕ್ಕೆ ಹೆಣ್ಣು ನೋಡಲು ಹೋಗುವುದೆಂದು ಗೊತ್ತಾದಾಗಲೂ ಅದನ್ನೇ ಹಾಕಿಕೊಳ್ಳುತ್ತೇನೆಂದ.

"ವಾರಂಟ ತಂದ ಪೊಲೀಸ ಅಂತ ತಿಳದು ಬಾಗಲಾ ಹಾಕ್ಯಾರು," ಎಂದಳು ಅವನ ತಾಯಿ, ನಮ್ಮ ಆಯಿ. "ಒಂದೀಟ ಬಣ್ಣರ ಇರಲಿ."

ಆ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಹನ್ನೊಂದು ವರ್ಷ. ಎದುರು ಮನೆಯಾಕೆ, ನಾವೆಲ್ಲ ಖಾಲಾ ಅನ್ನುತ್ತಿದ್ದವರು, ಎತ್ತಿನ ಕೊರಳಿಗೆ ಉಣ್ಣೆಯ ಗೊಂಡೆ ಕಟ್ಟಿ ಮಾರುತ್ತಿದ್ದರು. ಸಾಲಿ ಬಿಟ್ಟ ಕೂಡಲೇ ನಾನು ಅವರ ಕಟ್ಟೆಯ ಮೇಲೆ ಇರುತ್ತಿದ್ದೆ. ಅವರು ಚೀಲ ಹೊಲಿಯುವ ದಬ್ಬಣದ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಉಳಿದ ಕೆಂಪು ಉಣ್ಣೆ ಪೋಣಿಸಿ ಕೊಟ್ಟರು.

"ಚುಚ್ಚಬ್ಯಾಡ. ಹೆಣಿಗಿಯ ಒಂದು ಕಣ್ಣಿನ ಕೆಳಗ ಹಾಯಿಸು, ಮುಂದಿನದರ ಮ್ಯಾಲೆ ಬಿಡು. ಜಗ್ಗಬ್ಯಾಡ, ಸಡ್ಲ ಇರಲಿ."

ಮೊದಲೆರಡನ್ನು ಕೇಳಿದೆ. ಸಡಿಲ ಬಿಟ್ಟ ನೂಲು ನನ್ನ ಕಣ್ಣಿಗೆ ಜೋತುಬಿದ್ದಂತೆ ಕಂಡಿತು. ಮನೆಗೆ ತಂದು ಎದೆಯ ಸುತ್ತ ನಾಲ್ಕು ಸಾಲು ಬಿಗಿಯಾಗಿ ನೇಯ್ದೆ. ಗೆರೆ ಎಳೆದ ಹಾಗೆ ನೆಟ್ಟಗೆ ಬಂತು. ಖಾಲಾಗೆ ತೋರಿಸಲಿಲ್ಲ.

ಹೊರಡುವ ದಿನ ಮುಂಜಾನೆ ಅಂಗಳದಲ್ಲಿ ಗಾಡಿ ಹೂಡಿ ನಿಂತಿತ್ತು. ಕಾಕಾ ಸ್ವೆಟರ್ ತಲೆಯ ಮೇಲಿಂದ ಇಳಿಸಿದ. ಭುಜದವರೆಗೆ ಬಂದದ್ದು ಅಲ್ಲೇ ನಿಂತಿತು. ಹೆಣಿಗೆ ಹಿಗ್ಗುತ್ತದೆ, ನಾನು ಬಿಗಿದ ನೂಲು ಹಿಗ್ಗಲಿಲ್ಲ. ಕೈ ಮೇಲೆತ್ತಿ, ಸ್ವೆಟರಿನೊಳಗೆ ಮುಖ ಸಿಕ್ಕಿ ನಿಂತವನನ್ನು ನೋಡಿ ಗಾಡಿಯವನು ನಕ್ಕ.

"ಯಾರರ ಹೊರಗ ತಗೀರೋ!" ಎಂದು ಕಾಕಾ ಒಳಗಿಂದಲೇ ಕೂಗಿದ.

ಖಾಲಾ ಕತ್ತರಿ ಹಿಡಿದು ಬಂದರು. ಕೆಂಪು ನೂಲನ್ನಷ್ಟೇ ಅಲ್ಲಲ್ಲಿ ಕತ್ತರಿಸಿ ಎಳೆದು ತೆಗೆದರು. ಕೆಳಗಿನ ಹೆಣಿಗೆಗೆ ಏನೂ ಆಗಿರಲಿಲ್ಲ. ಕಾಕಾ ಬರೀ ಖಾಕಿಯಲ್ಲಿ ಹೋದ.

ಆ ಸಂಬಂಧ ಕೂಡಲಿಲ್ಲ. ನನ್ನಿಂದಲೇ ಹೀಗಾಯಿತೆಂದು ಕೆಲವು ದಿನ ಕಾಕಾನ ಎದುರಿಗೆ ಹೋಗಲಿಲ್ಲ. ಕಡೆಗೆ ಅವನೇ ಕರೆದು, "ಸ್ವೆಟರ್ ನೋಡಿ ಒಲ್ಲೆ ಅನ್ನಲಿಲ್ಲವ್ವಾ, ನಮ್ಮ ಹೊಲ ಸಣ್ಣದಂತ ಒಲ್ಲೆ ಅಂದ್ರು. ತಗೋ, ಇನ್ನೊಮ್ಮೆ ಪಟ್ಟಿ ಹಾಕು," ಎಂದು ಸ್ವೆಟರನ್ನು ನನ್ನ ಮುಂದೆ ಇಟ್ಟ.

ಈ ಸಲ ಖಾಲಾರ ಕಟ್ಟೆಯ ಮೇಲೇ ಕುಳಿತೆ. ಒಂದೊಂದು ಸಾಲು ಮುಗಿದಾಗಲೂ ಅವರು ಬಟ್ಟೆಯನ್ನು ಎರಡೂ ಕೈಯಿಂದ ಹಿಗ್ಗಿಸಿ, ನೂಲು ತಡೆದರೆ "ಬಿಚ್ಚು" ಎನ್ನುತ್ತಿದ್ದರು. ಎಷ್ಟು ಸಲ ಬಿಚ್ಚಿದೆನೋ ನೆನಪಿಲ್ಲ. ಎರಡು ಕೆಂಪು ಸಾಲು, ನಡುವೆ ಒಂದು ಹಳದಿ. ಕಾಕಾ ಹಾಕಿಕೊಂಡು ಉಸಿರು ಎಳೆದು ನೋಡಿದ, ಹಾಗೇ ಹೊಲಕ್ಕೆ ಹೋದ.

ಮರುವರ್ಷ ಸನಮಡಿಯಿಂದ ಕಾಕಾನ ಹೆಂಡತಿಯಾಗಿ ಕಾಕೂ ಬಂದಳು. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತಿದ್ದವಳು ಸ್ವೆಟರನ್ನು ತಿರುವಿ ಒಳಬದಿ ನೋಡಿದಳು.

"ಯಾರು ಹಾಕ್ಯಾರ ಈ ಪಟ್ಟಿ?"

"ನಾನs," ಎಂದೆ.

"ಚಲೋ ಐತಿ. ಖರೆ, ನೂಲಿನ ತುದಿ ಹಂಗs ಬಿಟ್ಟೀದಿ. ಬಿಚ್ಚಿ ಹೋಕ್ಕಾವ."

ನನಗೆ ಸ್ವಲ್ಪ ಸಿಟ್ಟು ಬಂತು. ಆದರೂ ದಬ್ಬಣ ತಂದು ಅವಳ ಕೈಗೆ ಕೊಟ್ಟೆ. ಅವಳು ಸರಿದು ಚಾಪೆಯ ಮೇಲೆ ನನಗೆ ಜಾಗ ಮಾಡಿದಳು.