ಅವ್ವನ ಸೀರೆಯ ಕೈಚೀಲಗಳು

ಅಕ್ಕ ಹೆರಿಗೆಗೆಂದು ಮುದ್ದೇಬಿಹಾಳದಿಂದ ಸಿಂದಗಿಗೆ ಬಂದ ದಿನ, ಕಾಲು ತೊಳೆದುಕೊಂಡು ಒಂದು ತಂಬಿಗೆ ನೀರು ಕುಡಿದ ಮೇಲೆ ಕೇಳಿದ ಮೊದಲ ಮಾತು, "ಅವ್ವನ ಹಳೆ ಸೀರಿ ಎಲ್ಲಿಟ್ಟೀದಿ?" ಎಂಬುದು. ಆಗ ಅವಳಿಗೆ ಏಳು ತಿಂಗಳು. ಅವ್ವ ತೀರಿಕೊಂಡು ಆರು ತಿಂಗಳಾಗಿತ್ತು.

ನಮ್ಮ ಮನೆಯಲ್ಲಿ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ತಾಯಿಯ ತಾಯಿ ಉಟ್ಟು ಉಟ್ಟು ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ಕೂಸಿನ ಮೊದಲ ಹಾಸಿಗೆ ಅದು. ಅಕ್ಕನನ್ನೂ ನನ್ನನ್ನೂ ಹಾಗೆಯೇ ಮಲಗಿಸಿದ್ದರಂತೆ. ಮದುವೆಯಾಗಿ ಆರು ವರ್ಷ ಅಕ್ಕ ಈ ಕೂಸಿಗಾಗಿ ಕಾದಿದ್ದಳು. ಅವಳು ಕೇಳಿದ್ದು ದೊಡ್ಡದೇನಲ್ಲ, ಎರಡು ಹಳೆಯ ಸೀರೆ.

ನನ್ನ ಬಳಿ ಒಂದೂ ಇರಲಿಲ್ಲ.

ಅದು ಹೇಗಾಯಿತೆಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ನಾನು ಧಾರವಾಡದಲ್ಲಿ ಪರಿಸರ ವಿಜ್ಞಾನ ಓದಿ ಊರಿಗೆ ಮರಳಿ, ಇಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಅಪ್ಪ ನಾನು ಪಿಯುಸಿಯಲ್ಲಿದ್ದಾಗಲೇ ಹೋಗಿದ್ದರು. ಮನೆಯಲ್ಲಿ ಅವ್ವ ಮತ್ತು ನಾನು. ಬಂದ ಮೊದಲ ವಾರದಲ್ಲೇ ನಾನೊಂದು ಹಾಳೆಯಲ್ಲಿ ನಿತ್ಯ ಪಾಲಿಸಬೇಕಾದ ನಿಯಮಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಪಾತ್ರೆ ತೊಳೆದ ನೀರು ಗಿಡಕ್ಕೆ. ಎಣ್ಣೆ, ಮೊಸರು ತರಲು ಮನೆಯ ಡಬ್ಬಿ. ಸಿಪ್ಪೆ, ಮುಸುರೆ ಗೊಬ್ಬರಕ್ಕೆ. ಕೆಟ್ಟದ್ದನ್ನು ಎಸೆಯುವ ಮೊದಲು ದುರಸ್ತಿ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, "ಇದನ್ನ ಕಲ್ಯಾಕ ಎರಡು ವರ್ಷ ಧಾರವಾಡಕ್ಕ ಹೋಗಿದ್ದೇನು?" ಅಂದಳು.

ನನಗೆ ನಗು ಬರಲಿಲ್ಲ. ಅವಳು ಇದೆಲ್ಲವನ್ನೂ ಮಾಡುತ್ತಲೇ ಇದ್ದಳು ಎಂಬುದು ನನಗೆ ಕಾಣದೆ ಇರಲಿಲ್ಲ. ಪಾತ್ರೆ ತೊಳೆದ ನೀರು ಹಿತ್ತಲಿನ ಕರಿಬೇವಿಗೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು ಎದುರು ಮನೆಯ ಎಮ್ಮೆಗೆ. ರೊಟ್ಟಿಯನ್ನು ಸುತ್ತುವ ಬಟ್ಟೆ ನಾನು ಸಾಲೆಗೆ ಹೋಗುವಾಗಿನದ್ದೇ. ಆದರೆ ಅವ್ವ ಅದನ್ನು ಪರಿಸರ ಎಂದು ಕರೆಯುತ್ತಿರಲಿಲ್ಲ. ಹೆಸರಿಲ್ಲದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ಹೊಸದೇನಾದರೂ ಮಾಡಿ ತೋರಿಸಬೇಕಿತ್ತು.

ಹಾಗೆ ಬಂದದ್ದು ಕೈಚೀಲಗಳ ಯೋಚನೆ. ಹಳೆಯ ಬಟ್ಟೆಯಿಂದ ಚೀಲ ಹೊಲಿದು ಸಂತೆಯಲ್ಲಿ, ಅಂಗಡಿಗಳಲ್ಲಿ ಹಂಚುವುದು. ಪ್ಲಾಸ್ಟಿಕ್ ಚೀಲವನ್ನು ಅಷ್ಟಾದರೂ ಕಡಿಮೆ ಮಾಡುವುದು. ಬಟ್ಟೆ ಹುಡುಕುತ್ತ ಅವ್ವನ ಟ್ರಂಕ್ ತೆಗೆದೆ. ತಳದಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಐದು ಇಲಕಲ್ ಸೀರೆ, ಎಲ್ಲವೂ ಹತ್ತಿಯವು. ಬಣ್ಣ ಮಾಸಿ, ಕೈಯಲ್ಲಿ ಹಿಡಿದರೆ ಜಾರುವಷ್ಟು ಮೆತ್ತಗಾಗಿದ್ದವು. ಕೆಂಪು ಸೆರಗು ಮಾತ್ರ ಇನ್ನೂ ಕೆಂಪಾಗಿತ್ತು.

"ಇವು ಹಳೇವಲ್ಲೇನು?" ಎಂದು ಕೇಳಿದೆ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಸ್ವಲ್ಪ ತಡೆದು, "ಹಳೇವ ಹೌದು," ಅಂದಳು.

"ಚೀಲ ಮಾಡಾಕ ಕೊಡ್ತೀ?"

"ತಗೋ."

ಅಷ್ಟೇ. ಆ ತಡೆಯನ್ನು ನಾನು ಗಮನಿಸಿದ್ದೆ. ಏಕೆಂದು ಕೇಳಲಿಲ್ಲ. ಕೇಳದೆ ಇರುವುದು ನನ್ನ ಸ್ವಭಾವ. ಅದನ್ನು ನಾನು ಬಹಳ ವರ್ಷ ಸಂಯಮವೆಂದು ತಿಳಿದಿದ್ದೆ.

ಕತ್ತರಿಸಿದ್ದು ನಾನು, ಹೊಲಿದದ್ದು ಅವ್ವ. ಬಟ್ಟೆ ತೆಳುವಾಗಿದ್ದುದರಿಂದ ಎರಡು ಪದರ ಇಟ್ಟು ಹೊಲಿದಳು, ಹಿಡಿಕೆಯ ಬುಡದಲ್ಲಿ ಮೂರು ಮೂರು ಸಲ ಮಷಿನ್ ಓಡಿಸಿದಳು. ನಾನು ಒಂದೊಂದರ ಮೇಲೂ ಹಸಿರು ಬಣ್ಣದಲ್ಲಿ "ಪ್ಲಾಸ್ಟಿಕ್ ಚೀಲ ಬೇಡ" ಎಂದು ಅಚ್ಚು ಹಾಕಿದೆ. ನಲವತ್ತಕ್ಕೂ ಹೆಚ್ಚು ಚೀಲಗಳಾದವು. ಕಾಯಿಪಲ್ಲೆ ಮಾರುವವರಿಗೆ, ಹಿಟ್ಟಿನ ಗಿರಣಿಗೆ, ಮನಗೂಳಿಯಲ್ಲಿದ್ದ ನನ್ನ ಗೆಳತಿಗೆ, ಇಂಡಿ ಪಟ್ಟಣದಲ್ಲಿರುವ ಅವ್ವನ ತಂಗಿ ಚಿಗವ್ವನಿಗೆ ಕೊಟ್ಟೆವು. ಸಂತೆಯಲ್ಲಿ ಹಂಚುವ ಕೆಲಸವನ್ನು ಅವ್ವನೇ ವಹಿಸಿಕೊಂಡಳು. ಅಪರಿಚಿತರ ಮುಂದೆ ನಿಂತು ಮಾತಾಡುವುದು ನನಗೆ ಕಷ್ಟವೆಂದು ಅವಳಿಗೆ ಗೊತ್ತಿತ್ತು.

ಮರುವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಮಲಗಿದ ಅವ್ವ ಮಧ್ಯಾಹ್ನದೊಳಗೆ ಹೋದಳು. ಉಳಿದ ಸೀರೆಗಳನ್ನು ಏನು ಮಾಡಬೇಕೆಂದು ಚಿಗವ್ವ ಕೇಳಿದಾಗ, "ಉಡಾವ್ರಿಗೆ ಕೊಡು, ಪೆಟ್ಟಿಗ್ಯಾಗ ಇಟ್ಟು ಹಾಳ ಮಾಡೂದು ಬ್ಯಾಡ," ಎಂದವಳೂ ನಾನೇ. ಆಗ ಅಕ್ಕ ಬಸುರಿಯೆಂದು ಯಾರಿಗೂ ಗೊತ್ತಿರಲಿಲ್ಲ, ಅಕ್ಕನಿಗೂ. ಮುಂದಿನ ತಿಂಗಳು ಗೊತ್ತಾಯಿತು.

ಇದನ್ನೆಲ್ಲ ನಾನು ಅಕ್ಕನಿಗೆ ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಅಂದ್ರ ಇಡೀ ಸಿಂದಗಿಗೆ ಅವ್ವನ ಸೀರಿ ಸಿಕ್ಕೈತಿ," ಅಂದಳು. "ನನ್ನ ಕೂಸಿಗಷ್ಟ ಇಲ್ಲ."

"ಹುಡುಕಿ ತರ್ತೇನಿ."

"ಏನಂತ ಕೇಳ್ತೀ? ಕೊಟ್ಟದ್ದು ತಿರುಗಿ ಕೊಡ್ರಿ ಅಂತ?" ಅವಳು ಕೂಗಲಿಲ್ಲ. "ನಾ ಆರು ವರ್ಷದಾಗ ಅವ್ವಗ ಒಂದ ಒಂದು ಮಾತು ಹೇಳಿದ್ದೆ. ಕೂಸಾದ್ರ ನಿನ್ನ ಸೀರಿ ಮ್ಯಾಲ ಮಲಗಿಸ್ತೇನಿ ಅಂತ."

ಉಡಲೆಂದು ಕೊಟ್ಟ ಸೀರೆಗಳನ್ನು ತಿರುಗಿ ಕೇಳುವಂತಿರಲಿಲ್ಲ. ಮರುದಿನದಿಂದ ಚೀಲಗಳನ್ನು ಹುಡುಕಲು ಶುರು ಮಾಡಿದೆ. ಗಿರಣಿಯಲ್ಲಿ ಚೀಲ ಸಿಕ್ಕಿತು, ಆದರೆ ಮಷಿನ್ ಒರೆಸುವ ಅರಿವೆಯಾಗಿ, ಗ್ರೀಸು ಮೆತ್ತಿಕೊಂಡು ಕಪ್ಪಾಗಿತ್ತು. ಗಿರಣಿಯವನು, "ಹರದಿತ್ರಿ ಅಕ್ಕಾರ. ಎಸಿಬ್ಯಾಡ್ರಿ ಅಂತ ನೀವ ಹೇಳಿದ್ರೆಲ್ಲ, ಅದಕ್ಕ ಹಿಂಗ ಬಳಸೀವ್ರಿ," ಅಂದ. ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಕಲಿತಿದ್ದ. ಮನಗೂಳಿಗೆ ಬಸ್ಸಿನಲ್ಲಿ ಹೋದೆ. ಗೆಳತಿಯ ಅತ್ತೆ ಆ ಚೀಲವನ್ನು ಬಿಚ್ಚಿ, ಬಿಸಿ ಪಾತ್ರೆ ಇಳಿಸುವ ಬಟ್ಟೆ ಮಾಡಿಕೊಂಡಿದ್ದರು. ಅದರ ಅಂಚುಗಳು ಸುಟ್ಟಿದ್ದವು. ಅವರು ಚಹಾ ಕೊಟ್ಟರು, ಕುಡಿದು ಬಂದೆ. ಇಂಡಿಯ ಚಿಗವ್ವನಿಗೆ ಫೋನ್ ಮಾಡಿದರೆ, "ನಿನಗೇನು ಬುದ್ಧಿಗಿದ್ಧಿ ಐತಿಲ್ಲ? ಊರೂರು ಹಂಚಿ ಈಗ ಊರೂರು ಹುಡುಕಾಕ ಹೊಂಟಿ!" ಎಂದು ಬೈದಳು. ಅವಳ ಚೀಲವನ್ನು ಯಾರೋ ನಿಂಬೆಹಣ್ಣು ತುಂಬಿಕೊಂಡು ಒಯ್ದವರು ತಿರುಗಿ ಕೊಟ್ಟಿರಲಿಲ್ಲ. ಬೈದು ಮುಗಿಸಿ ಫೋನಿನಲ್ಲೇ ಅತ್ತಳು.

ಉಳಿದದ್ದು ಸಂತೆ. ಒಣ ಮೆಣಸಿನಕಾಯಿ ಮಾರುವ ವಯಸ್ಸಾದ ಆಯಿಯೊಬ್ಬಳ ಬಳಿ ಕೆಂಪು ಸೆರಗಿನ ಚೀಲವನ್ನು ನಾನು ದೂರದಿಂದಲೇ ಗುರುತಿಸಿದೆ. ತುಂಬಿದ ಮೆಣಸಿನಕಾಯಿಗೆ ಉಬ್ಬಿ ಕುಳಿತಿತ್ತು. ನಾನು ಅಂಗಡಿಯಿಂದ ಕೊಂಡ ದಪ್ಪನೆಯ ಹೊಸ ಬಟ್ಟೆಚೀಲವನ್ನು ಮುಂದೆ ಹಿಡಿದೆ.

"ಆಯಿ, ಆ ಚೀಲ ನನಗ ಬೇಕಾಗಿತ್ರಿ. ಅದರ ಬದಲಿ ಇದನ್ನ ತಂದೇನಿ."

"ಹೊಸಾದು ಯಾಕ ಯವ್ವಾ? ಇದು ಹರದಿಲ್ಲಲ್ಲ. ನಿಮ್ಮವ್ವ ಹೊಲದದ್ದು ಹಂಗ ಹರಿಯಾಂಗಿಲ್ಲ."

ಅಕ್ಕನ ವಿಷಯ ಹೇಳಿದೆ. ಆಯಿ ಮೆಣಸಿನಕಾಯಿಯ ತೊಟ್ಟು ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಆ ಸೀರಿ ಕೂಸಿನ ಸಲುವಾಗೇ ಇಟ್ಟಿದ್ಲಲ್ಲ ಆಕಿ."

"ನಿಮಗ ಯಾರು ಹೇಳಿದ್ರು?"

"ಆಕೀನ ಹೇಳ್ಯಾಳ. ಚೀಲ ಕೊಡಾಕ ಬಂದಾಗ ನೀ ಕುಂತಲ್ಲೇ ಕುಂತಿದ್ಲು. ನಾ ಅಂದೆ, ಇಷ್ಟು ಚಲೋ ಸೀರಿಗೆ ಕತ್ತರಿ ಹಚ್ಚಾಕ ಮನಸ್ಸರೆ ಹೆಂಗ ಬಂತವ್ವಾ ಅಂತ. ಆಕಿ ನಕ್ಕಳು. 'ದೊಡ್ಡಾಕಿ ಕೂಸಿಗಂತ ಗಂಟು ಕಟ್ಟಿ ಇಟ್ಟಿದ್ದೆ. ಸಣ್ಣಾಕಿ ಹುಟ್ಟಿದಾಗಿಂದ ಬಾಯಿ ಬಿಟ್ಟು ಏನೂ ಕೇಳಿದಾಕಿ ಅಲ್ಲ. ಒಮ್ಮೆ ಕೇಳಿದ್ಲು, ಇಲ್ಲ ಅನ್ನಾಕ ಆಗಲಿಲ್ಲ. ಇರ್ಲಿ ಬಿಡು, ದೊಡ್ಡಾಕಿಗೆ ಕೂಸಾಗೂದರಾಗ ನಾ ಈಗ ಉಡೂವು ಹಳೇವು ಆಗ್ತಾವಲ್ಲ' ಅಂದ್ಲು."

ಆಯಿ ಅವ್ವನ ದನಿಯನ್ನೇ ತಂದು ಹೇಳಿದಳೋ, ನನಗೆ ಹಾಗೆ ಕೇಳಿಸಿತೋ ಗೊತ್ತಿಲ್ಲ. ಸುತ್ತ ಜನ ಚೌಕಾಸಿ ಮಾಡುತ್ತಿದ್ದರು. ನಾನು ಚೀಲದ ಹಿಡಿಕೆಯ ಬುಡದ ಮೂರು ಸಾಲು ಹೊಲಿಗೆಯನ್ನೇ ನೋಡುತ್ತಿದ್ದೆ. ಅವಳು ಆ ಸೀರೆಗಳನ್ನು ಹೊಲಿಯುವಾಗ ನಾನು ಪಕ್ಕದಲ್ಲೇ ಕುಳಿತು, ಬೇಗ ಬೇಗ ಮಾಡು ಎಂದಿದ್ದೆ.

ಆಯಿ ಮೆಣಸಿನಕಾಯಿಯನ್ನು ಗೋಣಿತಟ್ಟಿನ ಮೇಲೆ ಸುರಿದು, ಚೀಲವನ್ನು ಜಾಡಿಸಿ, ಎರಡು ಸಲ ಮಡಚಿ ನನ್ನ ಕೈಗಿತ್ತಳು. ಹೊಸ ಚೀಲವನ್ನು ತಿರುವಿ ಮುರುವಿ ನೋಡಿ, "ಇದನ್ನ ಮನಿಗೆ ಒಯ್ತೇನಿ. ಇಲ್ಲಿ ಹೊಲಸಾಗತೈತಿ," ಎಂದು ತೊಡೆಯ ಕೆಳಗಿಟ್ಟುಕೊಂಡಳು. ಪಕ್ಕದಲ್ಲಿ ಉಳ್ಳಾಗಡ್ಡಿ ಮಾರುವವನಿಂದ ಒಂದು ತೆಳ್ಳನೆಯ ಪ್ಲಾಸ್ಟಿಕ್ ಚೀಲ ಇಸಿದುಕೊಂಡು ಅದರಲ್ಲಿ ಮೆಣಸಿನಕಾಯಿ ತುಂಬತೊಡಗಿದಳು.

ಮನೆಗೆ ಬಂದು ಹೊಲಿಗೆ ಬಿಚ್ಚಿದೆ. ಅವ್ವ ಅದೆಷ್ಟು ಬಿಗಿಯಾಗಿ ಹೊಲಿದಿದ್ದಳೆಂದರೆ ಬ್ಲೇಡಿನ ತುದಿಯಿಂದ ಒಂದೊಂದೇ ಎಳೆ ಕತ್ತರಿಸಬೇಕಾಯಿತು. ಅಂಟುವಾಳದ ಕಾಯಿಯ ನೀರಿನಲ್ಲಿ ನೆನೆಸಿ ಒಗೆದೆ. ಬಿಸಿಲಿಗೆ ಹಾಕಿದೆ. ಮತ್ತೆ ಒಗೆದೆ. ಮೂರು ದಿನವಾದರೂ ಬಟ್ಟೆ ಮುಟ್ಟಿದ ಬೆರಳು ಉರಿಯುತ್ತಿತ್ತು. ಹಸಿರು ಅಕ್ಷರಗಳು ಒಂದಿಷ್ಟೂ ಮಾಸಿರಲಿಲ್ಲ. ಅವುಗಳಿದ್ದ ಕಡೆ ಬಟ್ಟೆ ರಟ್ಟಿನಂತೆ ಬಿರುಸಾಗಿತ್ತು. ಒಳ್ಳೆಯ ಬಣ್ಣ ಬೇಕೆಂದು ನಾನೇ ಆರಿಸಿ ವಿಜಯಪುರದಿಂದ ತಂದಿದ್ದೆ.

ನಾಲ್ಕನೆಯ ದಿನ ಅಕ್ಕನ ಮುಂದೆ ಇಟ್ಟೆ. ಅವಳು ಅದನ್ನು ನೋಡಿದ ಕೂಡಲೇ ಗುರುತಿಸಿದಳು. "ಇದು ಶ್ರಾವಣ ಸೋಮವಾರ ಉಡ್ತಿದ್ಲು," ಅಂದಳು. ಎರಡೂ ಕೈಯಿಂದ ಎತ್ತಿ ಮುಖಕ್ಕೆ ಒತ್ತಿಕೊಂಡು ಉಸಿರೆಳೆದಳು. ಮರುಕ್ಷಣವೇ ಕೆಮ್ಮು ಬಂತು. ಬಸುರಿಯ ಕೆಮ್ಮು, ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು. ನಾನು ನೀರು ತಂದೆ. ಕುಡಿದು, ಬಟ್ಟೆಯನ್ನು ನೀಟಾಗಿ ಮಡಚಿ ನನ್ನ ಕಡೆ ಸರಿಸಿದಳು.

"ಕೂಸಿನ ಮೈ ಉರೀತೈತಿ. ಬ್ಯಾಡ," ಅಂದಳು. "ನೀನ ಇಟ್ಕೋ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೂಸು ಹುಟ್ಟಿದಾಗ ಚಿಗವ್ವ ಇಂಡಿಯಿಂದ ತನ್ನ ಸೀರೆಗಳ ಕೌದಿ ಹೊಲಿದುಕೊಂಡು ಬಂದಳು. ಕೂಸು ಅದರ ಮೇಲೆ ಚೆನ್ನಾಗಿಯೇ ಮಲಗುತ್ತದೆ. ಬಂದವರು ನೋಡಿ, "ಅಜ್ಜಿ ಸೀರಿಯೇನು?" ಎಂದು ಕೇಳಿದರೆ ಚಿಗವ್ವ ಹೌದೆನ್ನುತ್ತಾಳೆ, ಅಕ್ಕ ಕೂಸಿನ ಹೊದಿಕೆ ಸರಿಪಡಿಸುತ್ತಾಳೆ.

ಅವ್ವ ಆ ಗಂಟನ್ನು ಯಾರಿಗಾಗಿ ಕಟ್ಟಿಟ್ಟಿದ್ದಳೆಂದು ನಾನು ಅಕ್ಕನಿಗೆ ಇನ್ನೂ ಹೇಳಿಲ್ಲ. ತಾನು ಹೇಳಿದ ಒಂದು ಮಾತನ್ನು ಅವ್ವ ಮರೆತು ನನಗೆ ಕೊಟ್ಟುಬಿಟ್ಟಳೆಂದು ಅಕ್ಕ ಅಂದುಕೊಂಡಿದ್ದಾಳೆ. ಅವ್ವ ಮರೆತಿರಲಿಲ್ಲ. ಅದನ್ನು ಹೇಳಿದರೆ ಅಕ್ಕನ ಮನಸ್ಸಿನ ಒಂದು ನೋವಾದರೂ ಹೋಗುತ್ತದೆ. ಆದರೆ ನೆನಪಿದ್ದೂ ಏಕೆ ಕೊಟ್ಟಳೆಂಬುದನ್ನೂ ಹೇಳಬೇಕಾಗುತ್ತದೆ. ನಾನು ದಿನವೂ ಕೂಸನ್ನು ಎತ್ತಿಕೊಂಡು ಅಕ್ಕನ ಪಕ್ಕ ಕೂರುತ್ತೇನೆ. ಮಾತು ನಾಲಗೆಯ ತುದಿಗೆ ಬರುತ್ತದೆ. ಅಕ್ಕ "ಏನು?" ಎನ್ನುತ್ತಾಳೆ. "ಏನಿಲ್ಲ," ಎನ್ನುತ್ತೇನೆ.